ಗರ್ಭದ ರಕ್ತಕ್ಕೆ ಬೀಗ ಹಾಕಿದ್ದು ಯಾರು?

ತಲಸ್ಸೇಮಿಯಾ ಎಂಬ ಕಾಯಿಲೆಯ ಹೆಸರನ್ನು ನೀವು ಕೇಳಿರಬಹುದು. ಈ ಕಾಯಿಲೆಯ ಮಗು ಹುಟ್ಟುವಾಗ ಎಲ್ಲ ಮಕ್ಕಳಂತೆಯೇ ಇರುತ್ತದೆ. ಹಾಲು ಕುಡಿಯುತ್ತದೆ, ನಗುತ್ತದೆ, ಮಗ್ಗುಲು ಮಗುಚುತ್ತದೆ. ಆರು ತಿಂಗಳು ಕಳೆಯುತ್ತಿದ್ದಂತೆ ಮುಖ ಬಿಳಿಚಿಕೊಳ್ಳುತ್ತದೆ, ಹಾಲು ಬೇಡವೆನ್ನುತ್ತದೆ, ಹೊಟ್ಟೆ ದಪ್ಪಗಾಗುತ್ತದೆ. ಮನೆಯ ಹಿರಿಯರು ದೃಷ್ಟಿ ತಾಗಿತೆನ್ನುತ್ತಾರೆ. ಕೆಲವರು ಅಂಗಡಿಯಿಂದ ಕಬ್ಬಿಣಾಂಶದ ಟಾನಿಕ್ ತಂದು ಕುಡಿಸುತ್ತಾರೆ. (ಇಂತಹ ಮಕ್ಕಳ ದೇಹದಲ್ಲಿ ಕಬ್ಬಿಣ ಈಗಾಗಲೇ ಹೆಚ್ಚಾಗಿರುವುದರಿಂದ ವೈದ್ಯರು ಹೇಳದೆ ಇದನ್ನು ಕೊಡಲೇಬಾರದು.) ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದಾಗ ಕಾಯಿಲೆಯ ಹೆಸರು ತಿಳಿಯುತ್ತದೆ. ಅಲ್ಲಿಂದ ಮುಂದೆ ಮೂರು ನಾಲ್ಕು ವಾರಗಳಿಗೊಮ್ಮೆ ಆ ಪುಟ್ಟ ಕೈಗೆ ಸೂಜಿ ಚುಚ್ಚಿ ಬೇರೆಯವರ ರಕ್ತವನ್ನು ಏರಿಸಬೇಕು. ಏರಿಸಿದ ರಕ್ತದೊಂದಿಗೆ ಬರುವ ಕಬ್ಬಿಣವು ಹೃದಯ ಮತ್ತು ಯಕೃತ್ತಿನಲ್ಲಿ ಶೇಖರವಾಗದಂತೆ ಅದನ್ನು ಹೊರಹಾಕುವ ಔಷಧಿಯನ್ನೂ ಕೊಡಬೇಕು.

ಇಲ್ಲಿ ಒಂದು ಪ್ರಶ್ನೆಯನ್ನು ಕೇಳಿಕೊಳ್ಳೋಣ. ಕಾಯಿಲೆಗೆ ಕಾರಣವಾದ ದೋಷ ತಾಯಿಯ ಗರ್ಭದಲ್ಲಿರುವಾಗಲೇ ಮಗುವಿನಲ್ಲಿತ್ತು. ಹಾಗಿದ್ದರೆ ಗರ್ಭದಲ್ಲಿ ಒಂಬತ್ತು ತಿಂಗಳು, ಹೊರಗೆ ಬಂದ ಮೇಲೆ ಆರು ತಿಂಗಳು ಮಗು ಆರೋಗ್ಯವಾಗಿದ್ದುದು ಹೇಗೆ?

ಉತ್ತರ ರಕ್ತದಲ್ಲಿಯೇ ಇದೆ. ನಮ್ಮ ಕೆಂಪು ರಕ್ತಕಣಗಳಲ್ಲಿ ಆಮ್ಲಜನಕವನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್ ನಾಲ್ಕು ಸರಪಳಿಗಳಿಂದಾದ ಪ್ರೊಟೀನ್. ದೊಡ್ಡವರಲ್ಲಿ ಎರಡು ಆಲ್ಫಾ, ಎರಡು ಬೀಟಾ ಸರಪಳಿಗಳಿರುತ್ತವೆ. ಗರ್ಭದಲ್ಲಿರುವ ಮಗುವಿನಲ್ಲಿ ಬೀಟಾದ ಬದಲು ಗಾಮಾ ಎಂಬ ಬೇರೆ ಸರಪಳಿ ಇರುತ್ತದೆ. ತಾಯಿಯ ರಕ್ತದಿಂದ ಆಮ್ಲಜನಕವನ್ನು ಸೆಳೆದುಕೊಳ್ಳಲು ಅದೇ ಹೆಚ್ಚು ಅನುಕೂಲ. ಹುಟ್ಟಿದ ಮೇಲೆ ಗಾಮಾದ ಉತ್ಪಾದನೆ ನಿಧಾನವಾಗಿ ನಿಂತು ಬೀಟಾದ ಉತ್ಪಾದನೆ ಏರುತ್ತದೆ. ದೊಡ್ಡವರ ರಕ್ತದಲ್ಲಿ ಗರ್ಭದ ಹಿಮೋಗ್ಲೋಬಿನ್ ಸಾಮಾನ್ಯವಾಗಿ ಶೇಕಡಾ ಒಂದರಷ್ಟೂ ಇರುವುದಿಲ್ಲ. ತಲಸ್ಸೇಮಿಯಾ ಮಗುವಿನ ದೋಷ ಇರುವುದು ಬೀಟಾ ವಂಶವಾಹಿಯಲ್ಲಿ. ಗಾಮಾ ಕೆಲಸ ಮಾಡುತ್ತಿರುವವರೆಗೆ ಅದು ಹೊರಗೆ ಕಾಣಿಸುವುದಿಲ್ಲ. ಗಾಮಾ ನಿಂತ ಕೂಡಲೇ ಬಯಲಾಗುತ್ತದೆ. ಹತ್ತಿರದ ಸಂಬಂಧಿಯಾದ ಕುಡಗೋಲು ಕಣ ಕಾಯಿಲೆಯ ಕಥೆಯೂ ಇದೇ. ಅಲ್ಲಿ ಬೀಟಾ ಸರಪಳಿ ತಯಾರಾಗುತ್ತದೆ, ಆದರೆ ದೋಷಯುಕ್ತವಾಗಿ. ರಕ್ತಕಣ ದುಂಡಗಿರದೆ ಕುಡಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ.

ಅಂದರೆ ಈ ಮಕ್ಕಳಿಗೆ ಬೇಕಾದ ಔಷಧಿ ಅವರ ದೇಹದೊಳಗೇ ಇದೆ. ಗಾಮಾ ವಂಶವಾಹಿ ಎಲ್ಲೂ ಹೋಗಿಲ್ಲ, ಹಾಳಾಗಿಯೂ ಇಲ್ಲ. ಅದಕ್ಕೆ ಬೀಗ ಬಿದ್ದಿದೆ, ಅಷ್ಟೆ. ಬೀಗ ಹಾಕಿದವರು ಯಾರು, ಎಲ್ಲಿ ಹಾಕಿದ್ದಾರೆ ಎಂದು ತಿಳಿದರೆ ತೆರೆಯಬಹುದಲ್ಲವೇ?

ಈ ಯೋಚನೆ ಹಳೆಯದು. 1948ರಲ್ಲಿಯೇ ಅಮೆರಿಕದ ಮಕ್ಕಳ ವೈದ್ಯೆ ಜಾನೆಟ್ ವಾಟ್ಸನ್, ನವಜಾತ ಶಿಶುಗಳ ರಕ್ತದಲ್ಲಿ ಕುಡಗೋಲು ಕಣಗಳು ತೀರಾ ಕಡಿಮೆ ಇರುವುದನ್ನು ಗಮನಿಸಿ, ಗರ್ಭದ ಹಿಮೋಗ್ಲೋಬಿನ್ ಅವರನ್ನು ಕಾಯುತ್ತಿರಬಹುದೆಂದು ಬರೆದಿದ್ದರು. 1972ರಲ್ಲಿ ಇನ್ನೊಂದು ಸಾಕ್ಷ್ಯ ಸೌದಿ ಅರೇಬಿಯಾದ ಪೂರ್ವ ಪ್ರಾಂತ್ಯದಿಂದ ಬಂತು. ನಮ್ಮ ಕರಾವಳಿಯ ಎಷ್ಟೋ ಮನೆಗಳಿಗೆ ದಮ್ಮಾಮ್, ಜುಬೈಲ್ ಎಂದರೆ ಪಕ್ಕದೂರಿನ ಹೆಸರಿದ್ದಂತೆ. ಅದೇ ಪ್ರಾಂತ್ಯದ ಓಯಸಿಸ್‌ಗಳ ಜನರಲ್ಲಿ ಕುಡಗೋಲು ಕಣ ಕಾಯಿಲೆ ಆಫ್ರಿಕಾ ಮೂಲದವರಲ್ಲಿ ಇರುವಷ್ಟು ಉಗ್ರವಾಗಿಲ್ಲವೆಂದು ಡಾ. ಪೆರೀನ್ ಮತ್ತು ಸಂಗಡಿಗರು ವರದಿ ಮಾಡಿದರು. ಅವರ ರಕ್ತದಲ್ಲಿ ದೊಡ್ಡವರಾದ ಮೇಲೂ ಗರ್ಭದ ಹಿಮೋಗ್ಲೋಬಿನ್ ಸಾಕಷ್ಟು ಉಳಿದಿತ್ತು. ಒಡಿಶಾದ ರೋಗಿಗಳಲ್ಲಿಯೂ ಅದೇ ಬಗೆ ಕಂಡುಬಂದು, ಅದಕ್ಕೆ ಅರಬ್-ಭಾರತೀಯ ಮಾದರಿ ಎಂಬ ಹೆಸರಾಯಿತು. 1985ರಲ್ಲಿ ಗ್ರೀಕ್ ಮೂಲದವರಲ್ಲಿ ಇನ್ನೂ ವಿಚಿತ್ರವಾದ ಸಂಗತಿ ಸಿಕ್ಕಿತು. ಕೆಲವರಲ್ಲಿ ಜೀವನಪೂರ್ತಿ ಗಾಮಾ ತಯಾರಾಗುತ್ತಲೇ ಇತ್ತು. ಕಾರಣ, ಅವರ ಡಿಎನ್‌ಎಯಲ್ಲಿ ಗಾಮಾ ವಂಶವಾಹಿ ಆರಂಭವಾಗುವ ಜಾಗಕ್ಕಿಂತ 117 ಅಕ್ಷರ ಹಿಂದೆ ಒಂದೇ ಒಂದು ಅಕ್ಷರ ಬದಲಾಗಿತ್ತು. ಜಿ ಇರಬೇಕಾದಲ್ಲಿ ಎ ಇತ್ತು.

ಒಂದು ಅಕ್ಷರ ಬದಲಾದರೆ ಬೀಗ ಬೀಳುವುದಿಲ್ಲ ಎಂದರೆ, ಆ ಅಕ್ಷರವಿರುವ ಜಾಗದಲ್ಲಿ ಯಾವುದೋ ಒಂದು ಪ್ರೊಟೀನ್ ಬಂದು ಕೂರುತ್ತಿರಬೇಕು. ಅದನ್ನು ಹಿಡಿಯುವುದು ಹೇಗೆ ಎಂಬುದೇ ಈ ತಿಂಗಳ ವಿಷಯ.

ಹಿಡಿಯುವುದು ಎಷ್ಟು ಕಷ್ಟವೆಂದು ಮೊದಲು ನೋಡಿ. ನಮ್ಮ ಒಂದೊಂದು ಜೀವಕೋಶದಲ್ಲಿ ಸುಮಾರು ಎರಡು ಮೀಟರ್ ಉದ್ದದ ಡಿಎನ್‌ಎ ಇದೆ. ಅದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತಲೂ ಚಿಕ್ಕದಾದ ಕೋಶಕೇಂದ್ರದೊಳಗೆ ಸುತ್ತಿ ಮಡಚಿ ಕುಳಿತಿದೆ. ಅಪ್ಪನಿಂದ 300 ಕೋಟಿಗೂ ಹೆಚ್ಚು ಅಕ್ಷರ, ಅಮ್ಮನಿಂದ ಅಷ್ಟೇ ಅಕ್ಷರ. ಕಣ್ಣಿನ ಕೋಶದಲ್ಲೂ ಕರುಳಿನ ಕೋಶದಲ್ಲೂ ಇರುವುದು ಇದೇ ಬರಹ. ಆದರೂ ಒಂದು ಕಣ್ಣಾಗಿ, ಇನ್ನೊಂದು ಕರುಳಾಗಿ ಕೆಲಸ ಮಾಡಲು ಕಾರಣ, ಯಾವ ಪುಟವನ್ನು ಓದಬೇಕು, ಯಾವುದನ್ನು ಮುಚ್ಚಿಡಬೇಕು ಎಂದು ನಿರ್ಧರಿಸುವ ಸಾವಿರಕ್ಕೂ ಹೆಚ್ಚು ಬಗೆಯ ಪ್ರೊಟೀನುಗಳು. ಇವು ಡಿಎನ್‌ಎಯ ಆರೆಂಟು ಅಕ್ಷರಗಳನ್ನು ಗುರುತಿಸಿ ಅಲ್ಲಿ ಅಂಟಿಕೊಳ್ಳುತ್ತವೆ, ಕೆಲವೊಮ್ಮೆ ಕೆಲವೇ ಕ್ಷಣ ನಿಂತು ಬಿಟ್ಟು ಹೋಗುತ್ತವೆ. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ನೋಡಿ ಇಂತಹ ಪ್ರೊಟೀನ್ ಇಂತಹ ಅಕ್ಷರದ ಮೇಲಿದೆ ಎಂದು ಹೇಳಲು ಸಾಧ್ಯವೇ ಇಲ್ಲ.

ಆರಂಭದಲ್ಲಿ ವಿಜ್ಞಾನಿಗಳು ಜೀವಕೋಶದ ಸಹವಾಸವೇ ಬೇಡವೆಂದು ಗಾಜಿನ ನಳಿಗೆಯಲ್ಲಿ ಕೆಲಸ ಮಾಡಿದರು. 1966ರಲ್ಲಿ ಹಾರ್ವರ್ಡ್‌ನಲ್ಲಿ ವಾಲ್ಟರ್ ಗಿಲ್ಬರ್ಟ್ ಮತ್ತು ಬೆನ್ನೊ ಮ್ಯೂಲರ್-ಹಿಲ್ ಬ್ಯಾಕ್ಟೀರಿಯಾದಿಂದ ವಂಶವಾಹಿಗೆ ಬೀಗ ಹಾಕುವ ಒಂದು ಪ್ರೊಟೀನನ್ನು ಬೇರ್ಪಡಿಸಿದರು. 1978ರಲ್ಲಿ ಜಿನೀವಾದಲ್ಲಿ ಗಲಾಸ್ ಮತ್ತು ಶ್ಮಿಟ್ಜ್ ಎಂಬಿಬ್ಬರು ಹೆಜ್ಜೆಗುರುತಿನ ವಿಧಾನವನ್ನು ರೂಪಿಸಿದರು. ಇದು ಬಹಳ ಸರಳ. ಅಂಗೈಯ ಮೇಲೆ ಎಲೆಯೊಂದನ್ನಿಟ್ಟು ಅದರ ಮೇಲೆ ಮೆಹಂದಿ ಬಳಿದರೆ ಎಲೆಯಿದ್ದ ಜಾಗ ಮಾತ್ರ ಬಿಳಿಯಾಗಿ ಉಳಿಯುತ್ತದಲ್ಲವೇ? ಹಾಗೆಯೇ ಡಿಎನ್‌ಎಯ ಮೇಲೆ ಪ್ರೊಟೀನ್ ಕುಳಿತಿರುವಾಗ, ಡಿಎನ್‌ಎಯನ್ನು ಕತ್ತರಿಸುವ ಕಿಣ್ವವನ್ನು ಹಾಕಿದರೆ ಉಳಿದೆಡೆಯೆಲ್ಲ ತುಂಡಾಗುತ್ತದೆ, ಪ್ರೊಟೀನ್ ಮುಚ್ಚಿಕೊಂಡ ಜಾಗ ಉಳಿಯುತ್ತದೆ. 1981ರಲ್ಲಿ ಬಂದ ಮತ್ತೊಂದು ವಿಧಾನ ಇನ್ನೂ ಸುಲಭ. ಜೆಲ್ಲಿಯಂತಹ ಪದಾರ್ಥದೊಳಗೆ ವಿದ್ಯುತ್ ಹರಿಸಿದಾಗ ಬರೀ ಡಿಎನ್‌ಎ ವೇಗವಾಗಿ ಓಡುತ್ತದೆ, ಪ್ರೊಟೀನನ್ನು ಹೊತ್ತ ಡಿಎನ್‌ಎ ಹಿಂದೆ ಬೀಳುತ್ತದೆ. ಇವೆರಡನ್ನೂ ಇಂದಿಗೂ ಬಳಸುತ್ತಾರೆ.

ಆದರೆ ಗಾಜಿನ ನಳಿಗೆಯಲ್ಲಿ ಅಂಟಿದ್ದು ಜೀವಕೋಶದಲ್ಲಿಯೂ ಅಲ್ಲೇ ಅಂಟುತ್ತದೆಂದು ಹೇಳುವವರು ಯಾರು? ಕೋಶದಲ್ಲಿ ಆ ಜಾಗ ಮಡಿಕೆಯೊಳಗೆ ಅಡಗಿರಬಹುದು. ಬೇರೆ ಪ್ರೊಟೀನ್ ಮೊದಲೇ ಬಂದು ಕುಳಿತಿರಬಹುದು.

ಆದುದರಿಂದ ಕೋಶ ಜೀವಂತವಾಗಿರುವಾಗಲೇ, ಎಲ್ಲವೂ ಇದ್ದಲ್ಲಿಯೇ ಇರುವಂತೆ ಸ್ತಬ್ಧಗೊಳಿಸುವ ಉಪಾಯ ಬೇಕಿತ್ತು. 1984ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜಾನ್ ಲಿಸ್ ಮತ್ತು ಡೇವಿಡ್ ಗಿಲ್ಮೋರ್ ಬ್ಯಾಕ್ಟೀರಿಯಾದ ಮೇಲೆ ನೇರಳಾತೀತ ಕಿರಣ ಹಾಯಿಸಿ ಪ್ರೊಟೀನುಗಳನ್ನು ಡಿಎನ್‌ಎಗೆ ಬೆಸೆದುಬಿಟ್ಟರು. ಮರುವರ್ಷ ಮಾರ್ಕ್ ಸೊಲೊಮನ್ ಮತ್ತು ಅಲೆಕ್ಸಾಂಡರ್ ವರ್ಷಾವ್‌ಸ್ಕಿ ಅದೇ ಕೆಲಸಕ್ಕೆ ಫಾರ್ಮಾಲ್ಡಿಹೈಡನ್ನು ಬಳಸಬಹುದೆಂದು ತೋರಿಸಿದರು. ಆಸ್ಪತ್ರೆಯ ಪ್ರಯೋಗಾಲಯಗಳಲ್ಲಿ, ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಕಣ್ಣುರಿಸುವ ಫಾರ್ಮಲಿನ್ ವಾಸನೆ ಇರುತ್ತದಲ್ಲ, ಅದೇ ಇದು. ಇವುಗಳಿಂದ ಬೆಳೆದ ವಿಧಾನಕ್ಕೆ ಕ್ರೊಮಾಟಿನ್ ಇಮ್ಯುನೋಪ್ರೆಸಿಪಿಟೇಶನ್ ಎಂಬ ನಾಲಿಗೆ ಹೊರಳದ ಹೆಸರು. ಪ್ರಯೋಗಾಲಯದವರು ಚಿಕ್ಕದಾಗಿ ಚಿಪ್ ಎನ್ನುತ್ತಾರೆ, ನಾವೂ ಹಾಗೆಯೇ ಕರೆಯೋಣ.

ಚಿಪ್ ಮಾಡುವ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಲಕ್ಷಗಟ್ಟಲೆ, ಸಾಧ್ಯವಾದರೆ ಕೋಟಿಗಟ್ಟಲೆ ಜೀವಕೋಶಗಳನ್ನು ತೆಗೆದುಕೊಳ್ಳುತ್ತಾರೆ. ಅದಕ್ಕೆ ಶೇಕಡಾ 1ರಷ್ಟು ಫಾರ್ಮಾಲ್ಡಿಹೈಡ್ ಸೇರಿಸಿ ಸುಮಾರು ಹತ್ತು ನಿಮಿಷ ಬಿಡುತ್ತಾರೆ. ಹೆಚ್ಚು ಹೊತ್ತು ಬಿಟ್ಟರೆ ಎಲ್ಲವೂ ಎಲ್ಲದಕ್ಕೂ ಅಂಟಿ ಕೆಡುತ್ತದೆ, ಕಡಿಮೆಯಾದರೆ ಅಂಟುವುದೇ ಇಲ್ಲ. ಸಕ್ಕರೆ ಪಾಕದ ಹದ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಳಿಕ ಗ್ಲೈಸಿನ್ ಹಾಕಿ ಬೆಸುಗೆಯನ್ನು ನಿಲ್ಲಿಸಿ, ಕೋಶಗಳನ್ನು ಒಡೆದು, ಕಿವಿಗೆ ಕೇಳಿಸದ ತೀಕ್ಷ್ಣ ಶಬ್ದದ ಅಲೆಗಳಿಂದ ಡಿಎನ್‌ಎಯನ್ನು 200ರಿಂದ 500 ಅಕ್ಷರಗಳ ಚೂರುಗಳಾಗಿ ಮಾಡುತ್ತಾರೆ. ಈಗ ಆ ದ್ರವದಲ್ಲಿ ಕೋಟ್ಯಂತರ ಚೂರುಗಳಿವೆ. ಕೆಲವೇ ಚೂರುಗಳ ಮೇಲೆ ನಮಗೆ ಬೇಕಾದ ಪ್ರೊಟೀನ್ ಕುಳಿತಿದೆ. ಅದನ್ನು ಹೆಕ್ಕಲು ಬಳಸುವುದು ಪ್ರತಿಕಾಯವನ್ನು. ರೋಗಾಣು ಬಂದಾಗ ಅದನ್ನೇ ಗುರುತಿಸಿ ಹಿಡಿಯಲು ನಮ್ಮ ದೇಹ ತಯಾರಿಸುವ ವಸ್ತು ಪ್ರತಿಕಾಯ. ಮೊಲದಂತಹ ಪ್ರಾಣಿಗೆ ಆ ಪ್ರೊಟೀನನ್ನು ಚುಚ್ಚಿದರೆ ಅದಕ್ಕೇ ಅಂಟುವ ಪ್ರತಿಕಾಯ ಅದರ ರಕ್ತದಲ್ಲಿ ಸಿಗುತ್ತದೆ. ಈ ಪ್ರತಿಕಾಯವನ್ನು ಅಯಸ್ಕಾಂತಕ್ಕೆ ಅಂಟುವ ಅತಿ ಸಣ್ಣ ಮಣಿಗಳೊಂದಿಗೆ ಸೇರಿಸಿ ರಾತ್ರಿಯಿಡೀ ತಣ್ಣಗಿನ ಕೋಣೆಯಲ್ಲಿ ತಿರುಗಿಸುತ್ತಾರೆ. ಬೆಳಿಗ್ಗೆ ನಳಿಗೆಯ ಪಕ್ಕ ಅಯಸ್ಕಾಂತ ಹಿಡಿದರೆ ಮಣಿ, ಪ್ರತಿಕಾಯ, ಪ್ರೊಟೀನ್, ಡಿಎನ್‌ಎ ಚೂರು ಎಲ್ಲ ಸಾಲಾಗಿ ಗೋಡೆಗೆ ಅಂಟುತ್ತವೆ. ಉಳಿದದ್ದನ್ನು ಚೆಲ್ಲಿ, ಮತ್ತೆ ಮತ್ತೆ ತೊಳೆದು, 65 ಡಿಗ್ರಿ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟರೆ ಬೆಸುಗೆ ಬಿಡುತ್ತದೆ. ಕೊನೆಗೆ ಕೈಯಲ್ಲಿ ಉಳಿಯುವುದು, ಆ ಪ್ರೊಟೀನ್ ಜೀವಂತ ಕೋಶದಲ್ಲಿ ಮುಟ್ಟಿಕೊಂಡಿದ್ದ ಡಿಎನ್‌ಎ ಚೂರುಗಳು. 2007ರಿಂದ ಈ ಚೂರುಗಳ ಅಕ್ಷರಗಳನ್ನು ಯಂತ್ರದಿಂದ ಒಟ್ಟಿಗೆ ಓದಿ, ಇಡೀ ಡಿಎನ್‌ಎಯಲ್ಲಿ ಅವು ಎಲ್ಲೆಲ್ಲಿಯವು ಎಂದು ನಕಾಶೆ ಬಿಡಿಸುವುದು ಸಾಧ್ಯವಾಯಿತು.

ಅದೇ ಹೊತ್ತಿಗೆ ಬೀಗ ಹಾಕಿದವನ ಸುಳಿವೂ ಸಿಕ್ಕಿತು. 2007 ಮತ್ತು 2008ರಲ್ಲಿ ಬ್ರಿಟನ್ ಹಾಗೂ ಇಟಲಿಯ ಸಾರ್ಡೀನಿಯಾ ದ್ವೀಪದ ಜನರ ಡಿಎನ್‌ಎಯನ್ನು ಹೋಲಿಸಿ ನೋಡಿದಾಗ, ಗರ್ಭದ ಹಿಮೋಗ್ಲೋಬಿನ್ ಯಾರಲ್ಲಿ ಹೆಚ್ಚು, ಯಾರಲ್ಲಿ ಕಡಿಮೆ ಎಂಬುದಕ್ಕೂ ಬಿಸಿಎಲ್11ಎ ಎಂಬ ವಂಶವಾಹಿಗೂ ಸಂಬಂಧ ಕಂಡುಬಂತು. ಗಾಮಾ ಇರುವುದು 11ನೇ ವರ್ಣತಂತುವಿನಲ್ಲಿ, ಇದಿರುವುದು 2ನೇ ವರ್ಣತಂತುವಿನಲ್ಲಿ. ಅದುವರೆಗೆ ರಕ್ತದ ಕ್ಯಾನ್ಸರ್ ಅಧ್ಯಯನ ಮಾಡುವವರಿಗಷ್ಟೇ ಪರಿಚಿತವಾಗಿದ್ದ ಹೆಸರು. 2008ರಲ್ಲಿ ಬಾಸ್ಟನ್ನಿನ ಸ್ಟುವರ್ಟ್ ಆರ್ಕಿನ್ ಅವರ ಪ್ರಯೋಗಾಲಯದಲ್ಲಿ ವಿಜಯ್ ಶಂಕರನ್ ಮತ್ತಿತರರು ರಕ್ತ ತಯಾರಿಸುವ ಕೋಶಗಳಲ್ಲಿ ಈ ಪ್ರೊಟೀನನ್ನು ಕಡಿಮೆ ಮಾಡಿದಾಗ ಗಾಮಾ ಮತ್ತೆ ತಯಾರಾಗತೊಡಗಿತು!

ಬೀಗ ಹಾಕಿದವನೇನೋ ಗೊತ್ತಾಯಿತು. ಬೀಗ ಎಲ್ಲಿದೆ? ಗ್ರೀಕರಲ್ಲಿ ಬದಲಾಗಿದ್ದ ಆ 117ನೇ ಅಕ್ಷರದ ಬಳಿ ಇರಬೇಕೆಂದು ಯಾರಿಗಾದರೂ ಅನಿಸುತ್ತದೆ. ಆದರೆ ಚಿಪ್ ವಿಧಾನದಲ್ಲಿ ನೋಡಿದಾಗ ಅಲ್ಲಿ ಬಿಸಿಎಲ್11ಎಯ ಸ್ಪಷ್ಟ ಗುರುತೇ ಸಿಗಲಿಲ್ಲ. ಗಾಮಾದಿಂದ ದೂರದ ಬೇರೆ ಜಾಗಗಳಲ್ಲಿ ಗುರುತು ಕಾಣಿಸಿತು. ಹೀಗಾಗಿ ಅದು ದೂರದಲ್ಲಿ ನಿಂತು ಡಿಎನ್‌ಎಯ ಮಡಿಕೆಗಳನ್ನೇ ಬದಲಿಸುತ್ತದೆ ಎಂಬ ವಾದ ಹತ್ತು ವರ್ಷ ನಡೆಯಿತು. ವಿಧಾನ ಕೊಟ್ಟ ಉತ್ತರವನ್ನು ನಂಬುವ ಮುನ್ನ ವಿಧಾನವನ್ನೇ ಪರೀಕ್ಷಿಸಬೇಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಚಿಪ್‌ನಲ್ಲಿ ಚೂರುಗಳು ದೊಡ್ಡವು, ಆದುದರಿಂದ ಚಿತ್ರ ಮಸುಕು. ಪ್ರತಿಕಾಯ ಚೆನ್ನಾಗಿಲ್ಲದಿದ್ದರೆ ಎಲ್ಲವೂ ವ್ಯರ್ಥ. ಅದಲ್ಲದೆ ಬಿರುಸಾಗಿ ಕೆಲಸ ಮಾಡುತ್ತಿರುವ ವಂಶವಾಹಿಗಳ ಮೇಲೆ, ಅಲ್ಲಿ ಇಲ್ಲದ ಪ್ರೊಟೀನೂ ಇರುವಂತೆ ಚಿಪ್ ತೋರಿಸಬಲ್ಲದೆಂದು 2013ರಲ್ಲಿ ಯೀಸ್ಟ್ ಮೇಲಿನ ಪ್ರಯೋಗಗಳು ತೋರಿಸಿದವು.

ಹೊಸ ದಾರಿಯನ್ನು 2017ರಲ್ಲಿ ಸಿಯಾಟಲ್ ನಗರದ ಫ್ರೆಡ್ ಹಚ್ ಕ್ಯಾನ್ಸರ್ ಸಂಶೋಧನಾ ಕೇಂದ್ರದ ಪೀಟರ್ ಸ್ಕೀನ್ ಮತ್ತು ಸ್ಟೀವನ್ ಹೆನಿಕಾಫ್ ತೋರಿಸಿದರು. ಹೆಸರು ಕಟ್ ಅಂಡ್ ರನ್, ಅಂದರೆ ಕತ್ತರಿಸು, ಓಡು. ಇದರಲ್ಲಿ ಫಾರ್ಮಾಲ್ಡಿಹೈಡ್ ಇಲ್ಲ, ಕೋಶವನ್ನು ಒಡೆದು ಚೂರು ಮಾಡುವುದೂ ಇಲ್ಲ. ಕೋಶದ ಹೊರಪದರದಲ್ಲಿ ಡಿಜಿಟೋನಿನ್ ಎಂಬ ಸಸ್ಯಮೂಲದ ವಸ್ತುವಿನಿಂದ ಸಣ್ಣ ತೂತುಗಳನ್ನು ಮಾಡಿ ಪ್ರತಿಕಾಯವನ್ನು ಒಳಗೆ ಕಳಿಸುತ್ತಾರೆ. ಅದು ಹುಡುಕಿಕೊಂಡು ಹೋಗಿ ಬೇಕಾದ ಪ್ರೊಟೀನಿಗೆ ಅಂಟಿಕೊಳ್ಳುತ್ತದೆ. ಅದರ ಹಿಂದೆಯೇ ಕತ್ತರಿಯನ್ನು ಕಳಿಸುತ್ತಾರೆ. ಈ ಕತ್ತರಿ ಎರಡು ಭಾಗಗಳ ಜೋಡಣೆ: ಪ್ರತಿಕಾಯವನ್ನು ಹಿಡಿದುಕೊಳ್ಳುವ ಹಿಡಿ, ಡಿಎನ್‌ಎಯನ್ನು ಕತ್ತರಿಸುವ ಕಿಣ್ವ. ಸ್ವಾರಸ್ಯವೆಂದರೆ ಇವೆರಡೂ ಮೂಲತಃ ಬಂದಿರುವುದು ನಮ್ಮ ಚರ್ಮದಲ್ಲಿ ಕುರು ಏಳಿಸುವ ಸ್ಟ್ಯಾಫೈಲೋಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ. ಕ್ಯಾಲ್ಸಿಯಂ ಸಿಗುವವರೆಗೆ ಈ ಕತ್ತರಿ ಬಾಯಿ ತೆರೆಯುವುದಿಲ್ಲ. ಎಲ್ಲವೂ ಸರಿಯಾದ ಜಾಗದಲ್ಲಿ ಕುಳಿತ ಮೇಲೆ ಮಂಜುಗಡ್ಡೆಯ ತಂಪಿನಲ್ಲಿ ಸ್ವಲ್ಪ ಕ್ಯಾಲ್ಸಿಯಂ ಹಾಕಿದರೆ, ಪ್ರೊಟೀನಿನ ಎಡಬಲದಲ್ಲಿ ಕಚಕ್ಕೆಂದು ಕತ್ತರಿಸುತ್ತದೆ. ಚಿಕ್ಕ ಚೂರು ಪ್ರೊಟೀನನ್ನು ಹೊತ್ತುಕೊಂಡು ಕೋಶದಿಂದ ಹೊರಗೆ ಹರಿದು ಬರುತ್ತದೆ. ಉಳಿದ ಡಿಎನ್‌ಎ ಒಳಗೇ ಉಳಿಯುತ್ತದೆ. ಇಡೀ ಬಣವೆಯನ್ನು ಕೆದಕಿ ಸೂಜಿ ಹುಡುಕುವುದು ಚಿಪ್ ಆದರೆ, ಇಲ್ಲಿ ಬಣವೆಯನ್ನು ಮುಟ್ಟದೆ ಸೂಜಿಯಷ್ಟನ್ನೇ ಹೊರಗೆಳೆದಂತೆ. ಕಡಿಮೆ ಕೋಶಗಳು ಸಾಕು, ಓದಬೇಕಾದ ಚೂರುಗಳೂ ಕಡಿಮೆ, ಕೆಲಸ ಒಂದೆರಡು ದಿನಗಳಲ್ಲಿ ಮುಗಿಯುತ್ತದೆ.

ಮರುವರ್ಷವೇ, 2018ರಲ್ಲಿ, ಆರ್ಕಿನ್ ತಂಡವು ಈ ವಿಧಾನದಿಂದ ಬಿಸಿಎಲ್11ಎಯನ್ನು ಹುಡುಕಿತು. ಅದು ಟಿ-ಜಿ-ಎ-ಸಿ-ಸಿ-ಎ ಎಂಬ ಆರು ಅಕ್ಷರಗಳನ್ನು ಗುರುತಿಸಿ ಕೂರುತ್ತದೆ ಎಂದು ತಿಳಿಯಿತು. ಗಾಮಾ ವಂಶವಾಹಿಯ ಮುಂಬಾಗಿಲಿನಲ್ಲಿ ಈ ಪದ ಎರಡು ಕಡೆ ಇದೆ. ದೂರದಲ್ಲಿರುವ ಪದದ ಮೇಲೆಯೇ ಬಿಸಿಎಲ್11ಎ ಹೆಚ್ಚಾಗಿ ಕುಳಿತಿತ್ತು. ಆ ಪದದ ಎರಡನೆಯ ಅಕ್ಷರವಾದ ಜಿ ಎಷ್ಟನೆಯದು ಗೊತ್ತೇ? 117ನೆಯದು! ಗ್ರೀಕರಲ್ಲಿ ಬದಲಾಗಿದ್ದುದು ಇದೇ ಅಕ್ಷರ. ಅದೇ ವರ್ಷ ಆಸ್ಟ್ರೇಲಿಯಾದ ಸಿಡ್ನಿಯ ಮರ್ಲಿನ್ ಕ್ರಾಸ್ಲಿ ಅವರ ತಂಡವೂ ಬೇರೆ ದಾರಿಯಿಂದ ಹೋಗಿ ಅಲ್ಲಿಗೇ ತಲುಪಿತು. 33 ವರ್ಷಗಳ ಒಗಟು ಬಿಡಿಸಿತು.

ಇದರಿಂದ ಮಕ್ಕಳಿಗೇನಾಯಿತು ಎಂದು ನೀವು ಕೇಳುತ್ತೀರಿ. ಕೇಳಲೇಬೇಕು. ಬಿಸಿಎಲ್11ಎಯನ್ನು ದೇಹದಿಂದ ಪೂರ್ತಿ ತೆಗೆಯುವಂತಿಲ್ಲ, ಮೆದುಳಿನಲ್ಲಿಯೂ ಇತರೆಡೆಗಳಲ್ಲಿಯೂ ಅದಕ್ಕೆ ಕೆಲಸವಿದೆ. ಆದರೆ ರಕ್ತ ತಯಾರಿಸುವ ಕೋಶಗಳಲ್ಲಿ ಮಾತ್ರ ಅದನ್ನು ಚಾಲೂ ಮಾಡುವ ಒಂದು ಸ್ವಿಚ್ ಇರುವುದನ್ನು 2013ರಲ್ಲಿ ಆರ್ಕಿನ್ ತಂಡ ಕಂಡುಹಿಡಿದಿತ್ತು. ಆ ಸ್ವಿಚ್ಚಿನ ಮೇಲೆ ಗಾಟಾ-1 ಎಂಬ ಇನ್ನೊಂದು ಪ್ರೊಟೀನ್ ಬಂದು ಕೂರುತ್ತದೆ. ಅದು ಕೂರುವ ಅಕ್ಷರಗಳನ್ನು ಕತ್ತರಿಸಿ ಕೆಡಿಸಿದರೆ ಸಾಕು. ಹೀಗೆ ತಯಾರಾದ ಕ್ಯಾಸ್ಜೆವಿ ಎಂಬ ಚಿಕಿತ್ಸೆಗೆ 2023ರ ನವೆಂಬರಿನಲ್ಲಿ ಬ್ರಿಟನ್, ಡಿಸೆಂಬರಿನಲ್ಲಿ ಬಹ್ರೈನ್ ಮತ್ತು ಅಮೆರಿಕ, 2024ರ ಜನವರಿಯಲ್ಲಿ ಸೌದಿ ಅರೇಬಿಯಾ ಅನುಮತಿ ಕೊಟ್ಟವು. 2024ರಲ್ಲಿ ಪ್ರಕಟವಾದ ವರದಿಯಂತೆ, ಸಾಕಷ್ಟು ಕಾಲ ಗಮನಿಸಲಾದ 35 ತಲಸ್ಸೇಮಿಯಾ ರೋಗಿಗಳಲ್ಲಿ 32 ಮಂದಿಗೆ ರಕ್ತ ಏರಿಸುವ ಅಗತ್ಯ ಒಂದು ವರ್ಷಕ್ಕೂ ಮಿಕ್ಕಿ ಬೀಳಲಿಲ್ಲ.

ಆದರೆ ಸಂಭ್ರಮಿಸುವ ಮುನ್ನ ಬೆಲೆಯನ್ನು ಕೇಳಿ. ಅಮೆರಿಕದಲ್ಲಿ ಇದಕ್ಕೆ ನಿಗದಿಪಡಿಸಿದ ಬೆಲೆ 22 ಲಕ್ಷ ಡಾಲರ್. ರೂಪಾಯಿಗೆ ಪರಿವರ್ತಿಸಿದರೆ ಹದಿನೆಂಟು ಕೋಟಿಗೂ ಹೆಚ್ಚು. ರೋಗಿಯ ಸ್ವಂತ ಕೋಶಗಳನ್ನು ಹೊರತೆಗೆದು, ತಿದ್ದಿ, ಮರಳಿ ಹಾಕುವ ಮುನ್ನ ತೀವ್ರವಾದ ಔಷಧಿಯಿಂದ ಹಳೆಯ ಅಸ್ಥಿಮಜ್ಜೆಯನ್ನು ಬರಿದು ಮಾಡಬೇಕು. ತಿಂಗಳುಗಟ್ಟಲೆ ಆಸ್ಪತ್ರೆವಾಸ, ಮುಂದೆ ಮಕ್ಕಳಾಗದಿರುವ ಅಪಾಯ ಎಲ್ಲವೂ ಇವೆ. ಮಗುವಿನ ಸೂಜಿಗೆಂದು ತಿಂಗಳ ಸಂಬಳದಲ್ಲಿ ಪಾಲು ತೆಗೆದಿಡುವ ತಂದೆತಾಯಿಗಳಿಗೆ ಈ ಸುದ್ದಿ ಎಷ್ಟು ಸಮಾಧಾನ ತಂದೀತು?

ಅದಕ್ಕಾಗಿಯೇ, ಪ್ರಯೋಗಾಲಯದ ಮಾತಿನ ನಡುವೆ ಮನೆಯ ಮಾತೊಂದನ್ನು ಸೇರಿಸುತ್ತೇನೆ. ತಂದೆ ಮತ್ತು ತಾಯಿ ಇಬ್ಬರೂ ಬೀಟಾ ದೋಷದ ಒಂದೊಂದು ಪ್ರತಿಯನ್ನು ಹೊತ್ತವರಾಗಿದ್ದರೆ ಮಾತ್ರ ಮಗುವಿಗೆ ಉಗ್ರ ತಲಸ್ಸೇಮಿಯಾ ಬರುವ ಸಂಭವವಿರುತ್ತದೆ, ಪ್ರತಿ ಬಸಿರಿನಲ್ಲಿಯೂ ನಾಲ್ಕರಲ್ಲಿ ಒಂದರಂತೆ. ಹೊತ್ತವರಿಗೆ ಸ್ವತಃ ಯಾವ ತೊಂದರೆಯೂ ಇರುವುದಿಲ್ಲ, ಅದರಿಂದಲೇ ಅವರಿಗೆ ತಿಳಿದೂ ಇರುವುದಿಲ್ಲ. ಹಿಮೋಗ್ಲೋಬಿನ್ ಎ2 ಪ್ರಮಾಣವನ್ನು ಅಳೆಯುವ ಒಂದು ರಕ್ತ ಪರೀಕ್ಷೆಯಿಂದ ಇದು ಗೊತ್ತಾಗುತ್ತದೆ. ಚಿಕ್ಕಪ್ಪನ ಮಗ, ಮಾವನ ಮಗಳು ಎಂದು ಕುಟುಂಬದೊಳಗೇ ಸಂಬಂಧ ಬೆಳೆಸುವ ರೂಢಿಯಿರುವ ಮನೆಗಳಲ್ಲಿ ಇಬ್ಬರೂ ಅದೇ ದೋಷವನ್ನು ಹೊತ್ತಿರುವ ಸಾಧ್ಯತೆ ಹೆಚ್ಚು. ಇರಾನ್ 1997ರಲ್ಲಿ, ಸೌದಿ ಅರೇಬಿಯಾ 2004ರಲ್ಲಿ ಮದುವೆಗೆ ಮೊದಲು ಈ ಪರೀಕ್ಷೆಯನ್ನು ಕಡ್ಡಾಯಗೊಳಿಸಿದವು. ಸೌದಿಯಲ್ಲಿ ಫಲಿತಾಂಶ ಏನೇ ಬಂದರೂ ಮದುವೆಯಾಗುವುದು ಬಿಡುವುದು ಆ ಇಬ್ಬರಿಗೆ ಬಿಟ್ಟದ್ದು. ವರ್ಷಗಟ್ಟಲೆ ಮುಂಚೆ ಮಾತು ಮುಗಿದು, ನಿಕಾಹ್‌ನ ದಿನ ಗೊತ್ತಾದ ಮೇಲೆ ಪರೀಕ್ಷೆ ಮಾಡಿಸಿದರೆ ಯಾರಿಗೂ ಹಿಂದೆ ಸರಿಯುವ ಧೈರ್ಯವಿರುವುದಿಲ್ಲ. ಮಾತುಕತೆಗೂ ಮುಂಚೆಯೇ ಮಾಡಿಸುವುದು ಒಳ್ಳೆಯದೆಂದು ನನಗೆ ತೋರುತ್ತದೆ. ಹುಡುಗಿಗೆ ಮಾತ್ರವಲ್ಲ, ಹುಡುಗನಿಗೂ.

ಇನ್ನು ಪ್ರಯೋಗಾಲಯಕ್ಕೆ ಮರಳಿದರೆ, ಅಲ್ಲಿ ಈಗಿನ ಹುಡುಕಾಟ ಮಾತ್ರೆಯದು. ಹೈಡ್ರಾಕ್ಸಿಯೂರಿಯಾ ಎಂಬ ಅಗ್ಗದ ಮಾತ್ರೆ ಗರ್ಭದ ಹಿಮೋಗ್ಲೋಬಿನನ್ನು ಸ್ವಲ್ಪ ಏರಿಸುತ್ತದೆ, 1998ರಿಂದ ಕುಡಗೋಲು ಕಣ ಕಾಯಿಲೆಗೆ ಅಮೆರಿಕದಲ್ಲಿ ಅದು ಮಾನ್ಯವಾಗಿದೆ, ನಮ್ಮಲ್ಲಿಯೂ ವೈದ್ಯರು ಕೊಡುತ್ತಾರೆ. ಆದರೆ ಅದು ಎಲ್ಲರಲ್ಲೂ ಒಂದೇ ರೀತಿ ಕೆಲಸ ಮಾಡುವುದಿಲ್ಲ. 2024ರಲ್ಲಿ ನೊವಾರ್ಟಿಸ್ ಕಂಪೆನಿಯ ಸಂಶೋಧಕರು, ಗಾಮಾವನ್ನು ಮುಚ್ಚಿಡುವುದರಲ್ಲಿ ಕೈಯಿರುವ ವಿಜ್ ಎಂಬ ಮತ್ತೊಂದು ಪ್ರೊಟೀನನ್ನು ಕೋಶದೊಳಗೇ ನಾಶ ಮಾಡಿಸುವ ಚಿಕ್ಕ ಅಣುವೊಂದನ್ನು ಪ್ರಕಟಿಸಿದರು. ವಂಶವಾಹಿಯನ್ನು ಕತ್ತರಿಸದೆಯೇ, ಕೇವಲ ಔಷಧಿಯಿಂದ, ಇಲಿಗಳಲ್ಲಿಯೂ ಕೋತಿಗಳಲ್ಲಿಯೂ ಗರ್ಭದ ಹಿಮೋಗ್ಲೋಬಿನ್ ಏರಿತ್ತು.